ಹತ್ತಿ ಹೊಲದ ಅಬ್ದುಲ್ ರಹ್ಮಾನ್

ದಿನದ ಐದು ಹೊತ್ತಿನ ಫರ್ಝ್ ನಮಾಝ್‌ನಲ್ಲೇ ನಾವು ಅಲ್ ಫಾತಿಹಾವನ್ನು ಹದಿನೇಳು ಸಲ ಓದುತ್ತೇವೆ. ಮದ್ರಸಕ್ಕೆ ಸೇರಿದ ಹೊಸತರಲ್ಲೇ ಕಲಿತದ್ದು; ನಿದ್ದೆಗಣ್ಣಿನಲ್ಲೂ ತಪ್ಪದೆ ಬಾಯಿಗೆ ಬರುತ್ತದೆ. ಅದೇ ಏಳು ಆಯತ್‌ಗಳನ್ನು 1828ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಒಬ್ಬ ವೃದ್ಧರು ಹಾಳೆಯೊಂದರ ಮೇಲೆ ಅರಬಿಯಲ್ಲಿ ಬರೆದುಕೊಟ್ಟರು. ಬರೆಸಿಕೊಂಡವರು ಕ್ರೈಸ್ತರು. ಅವರು ಕೇಳಿದ್ದು ಯೇಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಅರಬಿ ರೂಪ. ವೃದ್ಧರು ಬರೆದದ್ದು ಫಾತಿಹಾ. ಪಡೆದುಕೊಂಡವರಿಗೆ ಅರಬಿ ಬಾರದು. ತಾವು ಕೇಳಿದ ಪ್ರಾರ್ಥನೆಯೇ ಇದೆಂದು ಅದರ ಕೆಳಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕಿ ಜೋಪಾನ ಮಾಡಿದರು. ಆ ಹಾಳೆ ಇವತ್ತಿಗೂ ಅದೇ ನಗರದಲ್ಲಿದೆ.

ಬರೆದವರ ಹೆಸರು ಅಬ್ದುಲ್ ರಹ್ಮಾನ್ ಇಬ್ರಾಹೀಮ್. ಆಗ ಅವರಿಗೆ ಅರವತ್ತಾರರ ಆಸುಪಾಸು. ಅದರಲ್ಲಿ ನಲವತ್ತು ವರ್ಷ ಅವರು ಇನ್ನೊಬ್ಬರ ಸೊತ್ತಾಗಿ ಬದುಕಿದ್ದರು. ಅಮೆರಿಕದ ಇತಿಹಾಸವೆಂದರೆ ನಮಗೆ ಸ್ವಾತಂತ್ರ್ಯ ಸಂಗ್ರಾಮ, ಜಾರ್ಜ್ ವಾಷಿಂಗ್ಟನ್, ಆಮೇಲೆ ಒಮ್ಮೆಲೇ ಅಬ್ರಹಾಂ ಲಿಂಕನ್. ನಡುವಿನ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಆ ದೇಶ ಪಶ್ಚಿಮಕ್ಕೂ ದಕ್ಷಿಣಕ್ಕೂ ಹರಡುತ್ತಾ ಹೋಯಿತು. ಹರಡಿದಲ್ಲೆಲ್ಲ ಗುಲಾಮಗಿರಿಯನ್ನು ಜೊತೆಗೆ ಒಯ್ಯಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲಿ ಎರಡು ಹೋಳಾಯಿತು. ಅಬ್ದುಲ್ ರಹ್ಮಾನರ ಬದುಕು ನಡೆದದ್ದು ಆ ನಡುವಿನ ಕಾಲದಲ್ಲಿ, ಆ ಹರಡುವಿಕೆಯ ಅಂಚಿನಲ್ಲಿ.

ಅವರು ಹುಟ್ಟಿದ್ದು 1762ರ ಸುಮಾರಿಗೆ, ಪಶ್ಚಿಮ ಆಫ್ರಿಕಾದಲ್ಲಿ. ಇಂದಿನ ಗಿನಿ ದೇಶದ ಬೆಟ್ಟಸೀಮೆಗೆ ಫೂಟಾ ಜಲ್ಲೋನ್ ಎಂದು ಹೆಸರು. ಗ್ಯಾಂಬಿಯಾ ಮತ್ತು ಸೆನೆಗಲ್ ನದಿಗಳ ಮೂಲ ಅಲ್ಲೇ. ದನ ಸಾಕಿಕೊಂಡಿದ್ದ ಫುಲಾನಿ ಜನ ಆ ಶತಮಾನದ ಮೊದಲ ಭಾಗದಲ್ಲಿ ಉಲಮಾಗಳ ಮುಂದಾಳತ್ವದಲ್ಲಿ ಅಲ್ಲೊಂದು ರಾಜ್ಯ ಕಟ್ಟಿದ್ದರು. ರಾಜಧಾನಿ ತಿಂಬೋ. ದೊರೆಯನ್ನು ಅಲ್ಮಾಮಿ ಎನ್ನುತ್ತಿದ್ದರು. ನಾವು ದಿನಾ ಬಳಸುವ ಇಮಾಮ್ ಎಂಬ ಪದವೇ ಅದು. ಅಬ್ದುಲ್ ರಹ್ಮಾನರ ತಂದೆ ಇಬ್ರಾಹೀಮ್ ಸೋರಿ ಆ ರಾಜ್ಯದ ಅಲ್ಮಾಮಿ. ಮಗ ಮೊದಲು ಊರಿನಲ್ಲಿ ಕುರ್‌ಆನ್ ಕಲಿತರು. ಮುಂದಿನ ಓದಿಗೆ ಜೆನ್ನೆ, ತಿಂಬಕ್ತು ನಗರಗಳಿಗೆ ಹೋದರು. ಅಂದಿನ ಪಶ್ಚಿಮ ಆಫ್ರಿಕಾದಲ್ಲಿ ಇಲ್ಮ್ ಅರಸಿ ಹೋಗುವವರಿಗೆ ಅವಕ್ಕಿಂತ ದೊಡ್ಡ ಊರುಗಳಿರಲಿಲ್ಲ. ಓದು ಮುಗಿಸಿ ಬಂದು ತಂದೆಯ ಸೈನ್ಯ ಸೇರಿದರು. ಬೇಗನೆ ಕುದುರೆ ದಳದ ನಾಯಕರಾದರು.

ಇಲ್ಲೊಂದು ಘಟನೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಅಬ್ದುಲ್ ರಹ್ಮಾನ್ ಇನ್ನೂ ಹುಡುಗರಾಗಿದ್ದಾಗ, 1780ರ ಸುಮಾರಿಗೆ, ಜಾನ್ ಕಾಕ್ಸ್ ಎಂಬ ಐರಿಷ್ ಹಡಗು ವೈದ್ಯರು ಆ ಕರಾವಳಿಯಲ್ಲಿ ಇಳಿದು ದಾರಿ ತಪ್ಪಿದರು. ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ಕಾಲಿಗೆ ಗಾಯವಾಗಿ, ಜ್ವರ ಬಂದು ಬಿದ್ದಿದ್ದವರನ್ನು ಫುಲಾನಿಗಳು ಹೊತ್ತು ತಿಂಬೋಕ್ಕೆ ತಂದರು. ಆ ಊರಿನವರು ಅಲ್ಲಿಯವರೆಗೆ ಬಿಳಿಯನನ್ನು ಕಂಡವರಲ್ಲ. ಅಲ್ಮಾಮಿ ಅವರನ್ನು ಅತಿಥಿಯಾಗಿ ಇಟ್ಟುಕೊಂಡು ಸುಮಾರು ಆರು ತಿಂಗಳು ಶುಶ್ರೂಷೆ ಮಾಡಿಸಿದರು. ಗುಣವಾದ ಮೇಲೆ ದಾರಿಖರ್ಚಿಗೆ ಕೊಟ್ಟು, ಕಾವಲಿಗೆ ಸೈನಿಕರನ್ನು ಕೂಡಿಸಿ ಸಮುದ್ರದ ತನಕ ಕಳುಹಿಸಿದರು.

1788ರಲ್ಲಿ ಇಪ್ಪತ್ತಾರು ವರ್ಷದ ಅಬ್ದುಲ್ ರಹ್ಮಾನ್ ಒಂದು ಯುದ್ಧಕ್ಕೆ ಹೊರಟರು. ಗೆದ್ದು ಮರಳುವಾಗ ಬೆಟ್ಟದ ಇಕ್ಕಟ್ಟಿನ ದಾರಿಯಲ್ಲಿ ಶತ್ರುಗಳು ಹೊಂಚು ಹಾಕಿದ್ದರು. ಸೆರೆ ಸಿಕ್ಕವರನ್ನು ಗುಲಾಮ ವ್ಯಾಪಾರಿಗಳಿಗೆ ಮಾರಿದರು. ವ್ಯಾಪಾರಿಗಳು ಗ್ಯಾಂಬಿಯಾ ನದಿಯಲ್ಲಿ ನಿಂತಿದ್ದ ಇಂಗ್ಲಿಷ್ ಹಡಗಿಗೆ ಮಾರಿದರು. ಮದ್ದುಗುಂಡು, ಬಂದೂಕು, ತಂಬಾಕು, ಸಾರಾಯಿ, ಇವು ಅಲ್ಲಿ ಮನುಷ್ಯರಿಗೆ ಕೊಡುತ್ತಿದ್ದ ಬೆಲೆ.

ಒಂದು ಮಾತನ್ನು ಮುಚ್ಚಿಡಬಾರದು. ಅಬ್ದುಲ್ ರಹ್ಮಾನರ ಸ್ವಂತ ರಾಜ್ಯವೂ ಯುದ್ಧದಲ್ಲಿ ಸೆರೆಸಿಕ್ಕವರನ್ನು ದುಡಿಸುತ್ತಿತ್ತು, ಅದೇ ಕರಾವಳಿಯ ವ್ಯಾಪಾರಿಗಳಿಗೆ ಮಾರುತ್ತಲೂ ಇತ್ತು. ಅವರನ್ನು ಕಟ್ಟಿಕೊಂಡು ಹೋದ ದಾರಿಯಲ್ಲೇ ಅವರ ತಂದೆಯ ಸೈನ್ಯ ಹಿಡಿದ ಜನರೂ ಹಿಂದೆ ನಡೆದಿದ್ದರು. ನಮ್ಮವರ ಚರಿತ್ರೆ ಬರೆಯುವಾಗ ಈ ಭಾಗವನ್ನು ಹಾರಿಸಿಬಿಡುವ ಅಭ್ಯಾಸ ನಮಗಿದೆ. ಹಾರಿಸಿದರೆ ಅಬ್ದುಲ್ ರಹ್ಮಾನರಿಗೆ ಆದ ಅನ್ಯಾಯವೇನೂ ದೊಡ್ಡದಾಗುವುದಿಲ್ಲ, ನಮ್ಮ ಲೆಕ್ಕ ಮಾತ್ರ ತಪ್ಪುತ್ತದೆ.

ಹಡಗು ಅಟ್ಲಾಂಟಿಕ್ ದಾಟಿ ಡೊಮಿನಿಕಾ ದ್ವೀಪ ಮುಟ್ಟಿತು. ಅಲ್ಲಿಂದ ನ್ಯೂ ಆರ್ಲಿಯನ್ಸ್. ಅಲ್ಲಿಂದ ಮಿಸಿಸಿಪ್ಪಿ ನದಿಯ ಮೇಲೆ, ಪ್ರವಾಹಕ್ಕೆ ಎದುರಾಗಿ, ನ್ಯಾಚೆಝ್ ಎಂಬ ಊರಿಗೆ. ಆಗಸ್ಟ್ ತಿಂಗಳಲ್ಲಿ ಥಾಮಸ್ ಫಾಸ್ಟರ್ ಎಂಬ ರೈತ ಇಬ್ಬರನ್ನು ಕೊಂಡ. ಒಬ್ಬರು ಅಬ್ದುಲ್ ರಹ್ಮಾನ್, ಇನ್ನೊಬ್ಬ ಅವರದೇ ಸೈನ್ಯದ ಸಾಂಬಾ. ಇಬ್ಬರಿಗೂ ಸೇರಿ 930 ಡಾಲರ್, ಅದೂ ಕಂತಿನಲ್ಲಿ. ಫಾಸ್ಟರ್ ಆಗ ದೊಡ್ಡ ಜಮೀನ್ದಾರನೇನಲ್ಲ. ದಕ್ಷಿಣ ಕೆರೊಲಿನಾ ಕಡೆಯಿಂದ ಹೊಸ ನೆಲ ಹುಡುಕಿಕೊಂಡು ಬಂದವನು, ವಯಸ್ಸಿನಲ್ಲಿ ಅಬ್ದುಲ್ ರಹ್ಮಾನರ ಓರಗೆಯವನು.

ತಾನು ಅಲ್ಮಾಮಿಯ ಮಗ, ತಂದೆಗೆ ಸುದ್ದಿ ಮುಟ್ಟಿಸಿದರೆ ಬೇಕಾದಷ್ಟು ಚಿನ್ನ ಕೊಟ್ಟು ಬಿಡಿಸಿಕೊಳ್ಳುತ್ತಾರೆ ಎಂದು ಅಬ್ದುಲ್ ರಹ್ಮಾನ್ ದುಭಾಷಿಯೊಬ್ಬನ ಮೂಲಕ ಫಾಸ್ಟರ್‌ಗೆ ತಿಳಿಸಿದರು. ಅದರಿಂದ ಸಿಕ್ಕಿದ್ದು ಒಂದು ಅಡ್ಡಹೆಸರು: ಪ್ರಿನ್ಸ್. ಮುಂದಿನ ನಲವತ್ತು ವರ್ಷ ಆ ಹೊಲದಲ್ಲಿ ಅವರನ್ನು ಕರೆದದ್ದು ಅದೇ ಹೆಸರಿನಿಂದ. ಉದ್ದಕ್ಕೆ ಬಿಟ್ಟು ಹೆಣೆದಿದ್ದ ಕೂದಲನ್ನು ಹಿಡಿದು ಕತ್ತರಿಸಿದರು. ಗುದ್ದಲಿ ಹಿಡಿಯುವ ಕೆಲಸ ಅವರ ಜನ ಮಾಡಿದ್ದಲ್ಲ. ಒಲ್ಲೆನೆಂದದ್ದಕ್ಕೆ ಚಾವಟಿ ಬಿತ್ತು. ಒಂದು ದಿನ ಕಾಡಿಗೆ ಓಡಿಹೋದರು. ಆದರೆ ಓಡಿ ಎಲ್ಲಿಗೆ ಹೋಗುವುದು? ತಿಂಬೋ ಇರುವುದು ಸಮುದ್ರದ ಆಚೆ. ಕೆಲವು ವಾರ ಅಲೆದು ತಾವಾಗಿಯೇ ಮರಳಿದರು. ಫಾಸ್ಟರ್ ಮನೆಯಲ್ಲಿರಲಿಲ್ಲ, ಬಾಗಿಲಲ್ಲಿದ್ದ ಆತನ ಹೆಂಡತಿಯ ಎದುರು ನೆಲಕ್ಕೆ ಒರಗಿ, ಆಕೆಯ ಪಾದವನ್ನು ಎತ್ತಿ ತಮ್ಮ ಕತ್ತಿನ ಮೇಲೆ ಇಟ್ಟುಕೊಂಡರು ಎಂಬ ಕಥೆ ಆ ಊರಲ್ಲಿ ತಲೆಮಾರುಗಳಿಂದ ಉಳಿದುಬಂದಿದೆ. ಸೋತ ಯೋಧ ಶರಣಾಗುವ ಪದ್ಧತಿ ಅದು. ಅವರು ಒಪ್ಪಿಕೊಂಡದ್ದು ಸೋಲನ್ನು.

ನ್ಯಾಚೆಝ್ ಎಂಬುದು ಮೂಲದಲ್ಲಿ ಒಂದು ಬುಡಕಟ್ಟಿನ ಹೆಸರು. ಆ ಜನರನ್ನು 1730ರ ಸುಮಾರಿಗೆ ಫ್ರೆಂಚರು ಚದುರಿಸಿಬಿಟ್ಟಿದ್ದರು. ಉಳಿದದ್ದು ಹೆಸರು ಮಾತ್ರ. ಫ್ರೆಂಚರ ನಂತರ ಬ್ರಿಟಿಷರು, ಅವರ ನಂತರ ಸ್ಪೇನಿನವರು. ಅಬ್ದುಲ್ ರಹ್ಮಾನ್ ಬಂದಿಳಿದಾಗ ಆ ಊರಿನ ಮೇಲೆ ಹಾರುತ್ತಿದ್ದದ್ದು ಸ್ಪೇನಿನ ಬಾವುಟ. ಹತ್ತೇ ವರ್ಷದಲ್ಲಿ, 1798ರಲ್ಲಿ, ಅದು ಅಮೆರಿಕದ ಕೈಗೆ ಬಂತು. 1803ರಲ್ಲಿ ಅಮೆರಿಕ ಫ್ರಾನ್ಸಿಗೆ 150 ಲಕ್ಷ ಡಾಲರ್ ಕೊಟ್ಟು ನದಿಯ ಆಚೆಗಿನ ವಿಶಾಲ ಸೀಮೆಯನ್ನೂ ಕೊಂಡಿತು. ದೇಶದ ಹರವು ಒಂದೇ ಏಟಿಗೆ ಎರಡರಷ್ಟಾಯಿತು. ಅಬ್ದುಲ್ ರಹ್ಮಾನ್ ಹೊಲ ಬಿಟ್ಟು ಕದಲಲಿಲ್ಲ. ಗಡಿಯೇ ಸರಿದು ಅವರನ್ನು ದಾಟಿ ಹೋಯಿತು.

ಗಡಿಯ ಜೊತೆಗೇ ಬಂದದ್ದು ಹತ್ತಿ. ಆ ಕಡೆ ಬೆಳೆಯುತ್ತಿದ್ದ ತಳಿಯಲ್ಲಿ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿರುತ್ತದೆ. ಕೈಯಿಂದ ಬಿಡಿಸಲು ಕುಳಿತರೆ ಒಬ್ಬ ಆಳಿಗೆ ದಿನವಿಡೀ ಅರ್ಧ ಕಿಲೋ ಅರಳೆಯಾಗುವುದೂ ಕಷ್ಟ. 1793ರಲ್ಲಿ ಎಲಿ ವಿಟ್ನಿ ಎಂಬಾತ ಬೀಜ ಬಿಡಿಸುವ ಯಂತ್ರ ಮಾಡಿದ. ಅದರಲ್ಲಿ ಐವತ್ತು ಆಳಿನ ಕೆಲಸ ನಡೆಯುತ್ತಿತ್ತು. ಎರಡು ಮೂರು ವರ್ಷದಲ್ಲಿ ಅಂಥ ಯಂತ್ರ ನ್ಯಾಚೆಝ್‌ಗೂ ಬಂತು. ಯಂತ್ರ ಬಂದರೆ ಆಳು ಕಡಿಮೆಯಾಗಬೇಕು ಎಂದು ನಾವು ಲೆಕ್ಕ ಹಾಕುತ್ತೇವೆ. ಅಲ್ಲಿ ಆದದ್ದು ಉಲ್ಟಾ. ಬೀಜ ಬಿಡಿಸುವುದು ಸುಲಭವಾದ ಮೇಲೆ ಹತ್ತಿ ಎಷ್ಟು ಬೆಳೆದರೂ ಸಾಲದಾಯಿತು. ಬಿತ್ತಲು, ಕಳೆ ಕೀಳಲು, ಬಿಡಿಸಲು ಯಂತ್ರವಿಲ್ಲ, ಅದಕ್ಕೆ ಮನುಷ್ಯರೇ ಬೇಕು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ಬಾಯಿ ತೆರೆದು ಕಾಯುತ್ತಿದ್ದವು. 1790ರ ಜನಗಣತಿಯಲ್ಲಿ ಅಮೆರಿಕದಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ರ ಹೊತ್ತಿಗೆ ಆ ಸಂಖ್ಯೆ 39 ಲಕ್ಷ ದಾಟಿತ್ತು. ಹೊರದೇಶದಿಂದ ಗುಲಾಮರನ್ನು ತರುವುದನ್ನು 1808ರಿಂದ ಕಾನೂನು ನಿಲ್ಲಿಸಿತ್ತು. ಆದರೆ ಒಳಗಿನ ಮಾರಾಟಕ್ಕೆ ತಡೆಯಿರಲಿಲ್ಲ. ವರ್ಜೀನಿಯಾ, ಮೇರಿಲ್ಯಾಂಡ್‌ಗಳ ಹಳೆಯ ತಂಬಾಕು ಹೊಲಗಳಿಂದ ದಕ್ಷಿಣದ ಹತ್ತಿ ಹೊಲಗಳಿಗೆ ಏಳು ದಶಕಗಳಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಸಾಗಿಸಿದರು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಇನ್ನೊಂದು ಕಡೆ. ನ್ಯಾಚೆಝ್‌ನ ಹೊರವಲಯದ ಕವಲುದಾರಿಯಲ್ಲಿ ನಡೆಯುತ್ತಿದ್ದ ಗುಲಾಮರ ಸಂತೆ ಆ ಇಡೀ ಸೀಮೆಯ ದೊಡ್ಡ ಸಂತೆಗಳಲ್ಲೊಂದಾಯಿತು.

(ಈ ಹತ್ತಿಯ ಎಳೆ ನಮ್ಮ ಕಡೆಗೂ ಚಾಚಿದೆ. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಇಂಡಿಯಾಕ್ಕೆ ಕರೆಸಿತು. ನ್ಯೂ ಆರ್ಲಿಯನ್ಸ್ ಬೀಜ ಧಾರವಾಡದ ಕಪ್ಪುಮಣ್ಣಿಗೆ ಒಗ್ಗಿಕೊಂಡು ಧಾರವಾಡ-ಅಮೆರಿಕನ್ ಎಂಬ ಹೆಸರನ್ನೇ ಪಡೆಯಿತು. ಮುಂದೆ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತ್ತು.)

ಫಾಸ್ಟರ್ ಈ ಅಲೆಯ ಮೇಲೆ ಎದ್ದವನು. ಕಂತಿನಲ್ಲಿ ಇಬ್ಬರನ್ನು ಕೊಂಡ ರೈತ ಮೂವತ್ತು ವರ್ಷದೊಳಗೆ ನೂರರ ಆಸುಪಾಸು ಗುಲಾಮರ ಒಡೆಯನಾದ. ಕುದುರೆ ದಳ ನಡೆಸಿ ಅನುಭವವಿದ್ದ ಅಬ್ದುಲ್ ರಹ್ಮಾನರೇ ಹೊಲದ ಕೆಲಸ ನೋಡಿಕೊಳ್ಳತೊಡಗಿದರು. ಕುಡಿಯುವುದಿಲ್ಲ, ಸುಳ್ಳಿಲ್ಲ, ಕಳವಿಲ್ಲ ಎಂಬ ಹೆಸರು ಊರಿನಲ್ಲಿತ್ತು. 1794ರಲ್ಲಿ ಅದೇ ಹೊಲದ ಇಸಬೆಲ್ಲಾರನ್ನು ಮದುವೆಯಾದರು. ಅವರಿಗೆ ಒಂಬತ್ತು ಮಕ್ಕಳು. ತಾಯಿ ಗುಲಾಮಳಾದರೆ ಹುಟ್ಟುವ ಮಗುವೂ ಗುಲಾಮ ಎಂಬುದು ಕಾನೂನು. ಒಂಬತ್ತು ಮಕ್ಕಳೂ ಹುಟ್ಟಿದ ಗಳಿಗೆಯಿಂದಲೇ ಫಾಸ್ಟರ್‌ನ ಸೊತ್ತು. ಇಸಬೆಲ್ಲಾ ಕ್ರೈಸ್ತರು, ಬ್ಯಾಪ್ಟಿಸ್ಟ್ ಚರ್ಚಿಗೆ ಹೋಗುತ್ತಿದ್ದರು. ಅಬ್ದುಲ್ ರಹ್ಮಾನರೂ ಜೊತೆಯಲ್ಲಿ ಹೋಗಿ ಕೂರುತ್ತಿದ್ದುದುಂಟು. ಕ್ರೈಸ್ತರ ಗ್ರಂಥ ಚೆನ್ನಾಗಿದೆ, ಆದರೆ ಅದನ್ನು ಓದುವವರು ಅದರಂತೆ ನಡೆಯುವುದಿಲ್ಲ ಎಂಬುದು ಅವರ ತೀರ್ಮಾನವಾಗಿತ್ತು.

ಬಿಡುವು ಸಿಕ್ಕಾಗ ಅವರು ಮಣ್ಣಿನ ಮೇಲೆ ಬೆರಳಿನಿಂದ ಅರಬಿ ಅಕ್ಷರ ಬರೆಯುತ್ತಿದ್ದರು ಎಂದು ಹೇಳುತ್ತಾರೆ. ಕಾಗದವಿಲ್ಲ, ಮುಸ್‌ಹಫ್ ಇಲ್ಲ, ತಿದ್ದಲು ಉಸ್ತಾದರಿಲ್ಲ, ಅರಬಿ ಓದುವ ಇನ್ನೊಬ್ಬನಿಲ್ಲ. ನಲವತ್ತು ವರ್ಷ. ಪರೀಕ್ಷೆ ಮುಗಿದ ಮರುವಾರ ಪಾಠ ಮರೆಯುವ ನಮಗೆ ಇದನ್ನು ಊಹಿಸುವುದೂ ಕಷ್ಟ.

1807ರಲ್ಲಿ ಒಂದು ದಿನ ಅವರು ಪಕ್ಕದ ಊರಿನ ಪೇಟೆಯಲ್ಲಿ ಸಿಹಿಗೆಣಸು ಮಾರುತ್ತಿದ್ದರು. ತಮ್ಮದೇ ಸಣ್ಣ ತುಂಡು ನೆಲದಲ್ಲಿ ಬೆಳೆದದ್ದನ್ನು ಮಾರಿಕೊಳ್ಳಲು ಅನುಮತಿ ಇತ್ತು. ಎದುರಿನಿಂದ ಕುದುರೆಯ ಮೇಲೆ ಒಬ್ಬ ಬಿಳಿಯರು ಬಂದರು. ಅಬ್ದುಲ್ ರಹ್ಮಾನರಿಗೆ ಮುಖದ ಪರಿಚಯ ಹತ್ತಿತು. ಗೆಣಸು ಬೇಕೇ ಎಂದು ಕೇಳುವ ನೆಪದಲ್ಲಿ ಹತ್ತಿರ ಹೋದರು. ಆ ಮನುಷ್ಯರಿಗೂ ಗುರುತು ಹತ್ತಿತು. ಅವರು ಡಾಕ್ಟರ್ ಕಾಕ್ಸ್. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಹಿಂದೆ ತಿಂಬೋದಲ್ಲಿ ಅಲ್ಮಾಮಿಯ ಅತಿಥಿಯಾಗಿದ್ದವರು ಈಗ ವಲಸೆ ಬಂದು ಅದೇ ಸೀಮೆಯಲ್ಲಿ ನೆಲೆಸಿದ್ದರು. ಇದು ಸಿನಿಮಾ ಕಥೆಯಲ್ಲ, ಬರಹದಲ್ಲಿ ದಾಖಲಾದದ್ದು.

ಕಾಕ್ಸ್ ಋಣ ಮರೆಯುವವರಲ್ಲ. ನೇರ ಫಾಸ್ಟರ್ ಬಳಿ ಹೋಗಿ ಅಬ್ದುಲ್ ರಹ್ಮಾನರ ಬಿಡುಗಡೆಗೆ 1,000 ಡಾಲರ್ ಕೊಡುತ್ತೇನೆಂದರು. ನಲವತ್ತೈದು ವರ್ಷದ ಆಳಿಗೆ ಅದು ದೊಡ್ಡ ಮೊತ್ತ. ಫಾಸ್ಟರ್ ಒಪ್ಪಲಿಲ್ಲ. ಹೊಲ ನಿಂತಿದ್ದೇ ಅವರ ಮೇಲೆ, ಉಳಿದ ಗುಲಾಮರು ಮಾತು ಕೇಳುತ್ತಿದ್ದುದೂ ಅವರದೇ. ಕಾಕ್ಸ್ 1816ರಲ್ಲಿ ಸಾಯುವ ತನಕ ಕೇಳುತ್ತಲೇ ಇದ್ದರು. ಅವರ ನಂತರ ಮಗ ಕೇಳಿದ. ಫಾಸ್ಟರ್ ಜಗ್ಗಲಿಲ್ಲ. ಆದರೆ ಕಾಕ್ಸ್ ಹೇಳಿದ್ದರಿಂದ ಒಂದು ಬದಲಾವಣೆಯಾಯಿತು. ಪ್ರಿನ್ಸ್ ಎಂಬ ಅಡ್ಡಹೆಸರು ಗೇಲಿಯಲ್ಲ, ನಿಜ ಎಂದು ಊರಿಗೆ ಗೊತ್ತಾಯಿತು.

ನ್ಯಾಚೆಝ್‌ನಲ್ಲಿ ಆಂಡ್ರೂ ಮಾರ್ಶಾಕ್ ಎಂಬ ಪತ್ರಿಕೆಯ ಸಂಪಾದಕನಿದ್ದ. ಅವನ ಅಚ್ಚುಕೂಟದಲ್ಲಿ ಮುದ್ರಣದ ಒಂದು ಕೈಪಿಡಿಯಲ್ಲಿ ಅರಬಿ ಅಕ್ಷರಗಳ ಮಾದರಿ ಇತ್ತು. ಅದನ್ನು ಕಂಡು ಅಬ್ದುಲ್ ರಹ್ಮಾನ್ ಹಿಗ್ಗಿಹೋದರು ಎಂದು ಹೇಳುತ್ತಾರೆ. ಮನೆಯವರಿಗೆ ಪತ್ರ ಬರೆದರೆ ಕಳುಹಿಸಿಕೊಡುತ್ತೇನೆ ಎಂದು ಆತ ಮಾತು ಕೊಟ್ಟ. ಅಬ್ದುಲ್ ರಹ್ಮಾನ್ ಬರೆಯಲು ಮನಸ್ಸು ಮಾಡಿದ್ದು 1826ರಲ್ಲಿ. ಅರಬಿಯಲ್ಲಿ ಬರೆದದ್ದು ಕುರ್‌ಆನಿನ ಆಯತ್‌ಗಳು. ಮಾರ್ಶಾಕ್ ಅದರ ಜೊತೆಗೆ ತನ್ನದೊಂದು ಪತ್ರ ಇಟ್ಟು, ಈತ ಮೊರೊಕ್ಕೊ ರಾಜವಂಶದವನು ಎಂದು ಬರೆದ. ಆಫ್ರಿಕಾದ ಯಾವ ಮುಸ್ಲಿಮನಾದರೂ ಓದು ಬಲ್ಲವನಾದರೆ ಮೊರೊಕ್ಕೊದವನೇ ಇರಬೇಕು ಎಂಬುದು ಅಂದಿನ ಅಮೆರಿಕನ್ನರ ಊಹೆ. ಪತ್ರ ಮಿಸಿಸಿಪ್ಪಿಯ ಸೆನೆಟರ್ ಮೂಲಕ ವಾಷಿಂಗ್ಟನ್ನಿಗೆ, ಅಲ್ಲಿಂದ ಮೊರೊಕ್ಕೊದ ಟ್ಯಾಂಜಿಯರ್‌ನಲ್ಲಿದ್ದ ಅಮೆರಿಕದ ಪ್ರತಿನಿಧಿಗೆ, ಅವರಿಂದ ಸುಲ್ತಾನರಿಗೆ ಹೋಯಿತು. ಸುಲ್ತಾನರ ಹೆಸರೂ ಅಬ್ದುಲ್ ರಹ್ಮಾನ್. ಅವರು ಈ ಮುಸ್ಲಿಮನನ್ನು ಬಿಡಬೇಕೆಂದು ಕೇಳಿದರು. ಸಮುದ್ರ ವ್ಯಾಪಾರಕ್ಕೆ ಮೊರೊಕ್ಕೊದ ಸ್ನೇಹ ಬೇಕಾಗಿದ್ದ ಅಮೆರಿಕದ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಮತ್ತು ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕ್ಲೇ ಒಪ್ಪಿದರು. ಕ್ಲೇ ಸ್ವತಃ ಗುಲಾಮರ ಒಡೆಯ.

1828ರ ಆರಂಭದಲ್ಲಿ ಫಾಸ್ಟರ್ ಹಣ ಪಡೆಯದೆ ಬಿಟ್ಟುಕೊಟ್ಟ. ಒಂದು ಷರತ್ತು ಹಾಕಿದ: ಅವರು ಅಮೆರಿಕದಲ್ಲಿ ಸ್ವತಂತ್ರನಾಗಿ ಓಡಾಡಬಾರದು, ನೇರ ಆಫ್ರಿಕಾಕ್ಕೆ ಹೋಗಬೇಕು. ಇಸಬೆಲ್ಲಾರಿಗೆ 200 ಡಾಲರ್ ಬೆಲೆ ಹೇಳಿದ. ನ್ಯಾಚೆಝ್‌ನ ಜನ ಚಂದಾ ಎತ್ತಿ ಕೊಟ್ಟರು. ಮಕ್ಕಳು ಮೊಮ್ಮಕ್ಕಳು ಹೊಲದಲ್ಲೇ ಉಳಿದರು. ಏಪ್ರಿಲ್‌ನಲ್ಲಿ ಗಂಡಹೆಂಡತಿ ಉಗಿದೋಣಿ ಹತ್ತಿದರು.

ಈ ಬಿಡುಗಡೆಯನ್ನು ಓದುವಾಗ ಸಂತೋಷವಾಗುತ್ತದೆ. ಆದರೆ ನಿಧಾನವಾಗಿ ನೋಡಿದರೆ ಮನಸ್ಸಿಗೆ ಚುಚ್ಚುತ್ತದೆ. ಗುಲಾಮಗಿರಿ ತಪ್ಪೆಂದು ಅವರನ್ನು ಯಾರೂ ಬಿಡಲಿಲ್ಲ. ಇವರು ರಾಜಕುಮಾರ, ಅಕ್ಷರ ಬಲ್ಲವರು, ಮೂರಿಷ್ ವಂಶದವರು, ಉಳಿದ ಕರಿಯರಂತಲ್ಲ, ಆದ್ದರಿಂದ ಇವರನ್ನು ಹಿಡಿದಿಟ್ಟದ್ದು ಪ್ರಮಾದ ಎಂಬುದು ಬಿಟ್ಟವರ ವಾದ. ಅಂದರೆ ಉಳಿದವರನ್ನು ಹಿಡಿದಿಟ್ಟದ್ದು ಪ್ರಮಾದವಲ್ಲ! 930 ಡಾಲರಿನ ಅದೇ ವ್ಯವಹಾರದಲ್ಲಿ ಮಾರಾಟವಾದ ಸಾಂಬಾನೂ ಅದೇ ಸೈನ್ಯದವನು. ಅವನು ಅಲ್ಮಾಮಿಯ ಮಗನಲ್ಲ. ಅವನಿಗಾಗಿ ಸುಲ್ತಾನರ ತನಕ ಪತ್ರ ಹೋಗಲಿಲ್ಲ. ಅಬ್ದುಲ್ ರಹ್ಮಾನರಿಗೆ ಇದು ತಿಳಿಯದೆ ಇರಲಿಲ್ಲ ಎಂದು ನನ್ನ ಭಾವನೆ. ಮೊರೊಕ್ಕೊದವನು ಎಂಬ ತಪ್ಪನ್ನು ಅವರು ಬಿಡುಗಡೆಯಾಗುವ ತನಕ ತಿದ್ದಲು ಹೋಗಲಿಲ್ಲ. ಬಾಗಿಲು ತೆರೆದದ್ದು ಆ ತಪ್ಪಿನಿಂದ ಎಂದು ಗೊತ್ತಿದ್ದವರು ಹಾಗೇ ಮಾಡುತ್ತಾರೆ.

ಅವರು ಷರತ್ತನ್ನು ಪಾಲಿಸಲಿಲ್ಲ. ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಅಧ್ಯಕ್ಷ ಆಡಮ್ಸ್‌ರನ್ನು ಕಂಡು, ಮೊರೊಕ್ಕೊಗೆ ಹೋಗುವ ಇಚ್ಛೆ ಇಲ್ಲ, ಲೈಬೀರಿಯಾಕ್ಕೆ ಹೋಗುತ್ತೇನೆ ಎಂದರು. ಅಲ್ಲಿಂದ ತಿಂಬೋ ದೂರವಲ್ಲ. ಮಕ್ಕಳನ್ನು ಬಿಡಿಸಲು ನೆರವು ಕೇಳಿದರು. ಅದಕ್ಕೆ ಸರ್ಕಾರದಲ್ಲಿ ಹಣವಿರಲಿಲ್ಲ. ಸರಿ, ತಾವೇ ಹಣ ಕೂಡಿಸಲು ಉತ್ತರದ ನಗರಗಳಿಗೆ ಹೊರಟರು. ಬಾಲ್ಟಿಮೋರ್, ಫಿಲಡೆಲ್ಫಿಯಾ, ನ್ಯೂಯಾರ್ಕ್, ಬಾಸ್ಟನ್, ಹಾರ್ಟ್‌ಫರ್ಡ್. ಮೈಮೇಲೆ ಮೂರಿಷ್ ನಿಲುವಂಗಿ, ತಲೆಗೆ ಪೇಟ, ಕೈಯಲ್ಲಿ ಚಂದಾ ಪುಸ್ತಕ. ಜನ ಮುತ್ತಿಕೊಂಡು ಅರಬಿ ಬರೆಸಿಕೊಳ್ಳುತ್ತಿದ್ದರು. ಫಾತಿಹಾ ಬರೆದ ಹಾಳೆ ಆ ದಿನಗಳದ್ದು. ಕೇಳಿದ್ದನ್ನು ಕೊಟ್ಟಂತೆಯೂ ಆಯಿತು, ತಮ್ಮದನ್ನು ಬಿಟ್ಟುಕೊಡದಂತೆಯೂ ಆಯಿತು.

ಈ ಯಾತ್ರೆಯ ಬೆನ್ನಿಗೆ ನಿಂತದ್ದು ಅಮೆರಿಕನ್ ಕಾಲೊನೈಸೇಶನ್ ಸೊಸೈಟಿ. ಸ್ವತಂತ್ರ ಕರಿಯರನ್ನು ಆಫ್ರಿಕಾಕ್ಕೆ ಸಾಗಿಸುವುದು ಅದರ ಉದ್ದೇಶ. ಲೈಬೀರಿಯಾ ಅದೇ ನೆಟ್ಟ ವಸಾಹತು. ಅದರಲ್ಲಿ ದಯೆಯಿಂದ ಸೇರಿದ ಪಾದ್ರಿಗಳೂ ಇದ್ದರು, ಸ್ವತಂತ್ರ ಕರಿಯರು ಕಣ್ಣೆದುರು ಇದ್ದರೆ ತಮ್ಮ ಗುಲಾಮರು ಕೆಡುತ್ತಾರೆಂದು ಅಂಜಿದ ಒಡೆಯರೂ ಇದ್ದರು. ಉತ್ತರದ ಕರಿಯರಲ್ಲಿ ಹೆಚ್ಚಿನವರಿಗೆ ಈ ಸೊಸೈಟಿಯ ಮೇಲೆ ಸಿಟ್ಟು. ತಾವು ಹುಟ್ಟಿದ ದೇಶ ಬಿಟ್ಟು ಏಕೆ ಹೋಗಬೇಕು ಎಂಬುದು ಅವರ ಪ್ರಶ್ನೆ. ಹಾಗಿದ್ದರೂ ಬಾಸ್ಟನ್ನಿನ ಕರಿಯರು ಅಬ್ದುಲ್ ರಹ್ಮಾನರಿಗೆ ಔತಣ ಏರ್ಪಡಿಸಿ ಗೌರವಿಸಿದರು. ಅದರಲ್ಲಿ ಡೇವಿಡ್ ವಾಕರ್ ಎಂಬ ಬಟ್ಟೆ ವ್ಯಾಪಾರಿಯೂ ಇದ್ದರು. ಮರುವರ್ಷ ಅದೇ ವಾಕರ್ ಪ್ರಕಟಿಸಿದ ಕಿರುಪುಸ್ತಕ ಗುಲಾಮರು ಎದ್ದು ನಿಲ್ಲಬೇಕೆಂದು ಕರೆಕೊಟ್ಟು ಇಡೀ ದಕ್ಷಿಣವನ್ನು ನಡುಗಿಸಿತು.

1828 ಅಮೆರಿಕದಲ್ಲಿ ಚುನಾವಣೆಯ ವರ್ಷವೂ ಹೌದು. ಆಡಮ್ಸ್ ಎದುರಿಗೆ ನಿಂತವರು ಆಂಡ್ರೂ ಜಾಕ್ಸನ್, ಸ್ವತಃ ಹತ್ತಿ ಬೆಳೆಗಾರ, ಗುಲಾಮರ ಒಡೆಯ. ಎಂಟು ವರ್ಷದ ಹಿಂದೆ, 1820ರಲ್ಲಿ, ಮಿಸ್ಸೂರಿಯನ್ನು ಗುಲಾಮಗಿರಿಯ ರಾಜ್ಯವಾಗಿ ಸೇರಿಸಿಕೊಳ್ಳಬೇಕೇ ಎಂಬ ಜಗಳದಲ್ಲಿ ಕಾಂಗ್ರೆಸ್ ನಕಾಶೆಯ ಮೇಲೆ ಗೆರೆ ಎಳೆದು ರಾಜಿ ಮಾಡಿಕೊಂಡಿತ್ತು: ಹೊಸ ಸೀಮೆಯಲ್ಲಿ ಗೆರೆಯ ಕೆಳಗೆ ಗುಲಾಮಗಿರಿ ಸಲ್ಲುತ್ತದೆ, ಮೇಲೆ, ಮಿಸ್ಸೂರಿಯೊಂದನ್ನು ಬಿಟ್ಟು, ಸಲ್ಲದು. ರಾಜಿಯಾದರೂ ಅನುಮಾನ ಹೋಗಿರಲಿಲ್ಲ. ಅಧ್ಯಕ್ಷರೇ ಒಬ್ಬ ಗುಲಾಮನನ್ನು ಬಿಡಿಸಿ, ಉತ್ತರದಲ್ಲಿ ಮೆರವಣಿಗೆ ಮಾಡಿಸಿ, ನಮ್ಮ ಗುಲಾಮರಿಗೆ ಕೆಟ್ಟ ಬುದ್ಧಿ ಕಲಿಸುತ್ತಿದ್ದಾರೆ ಎಂದು ದಕ್ಷಿಣದ ಪತ್ರಿಕೆಗಳು ಕೂಗಿದವು. ಕೂಗಿದವರಲ್ಲಿ ಮುಂದಿದ್ದವನು ಮಾರ್ಶಾಕ್. ಹೌದು, ಪತ್ರ ಕಳುಹಿಸಿಕೊಟ್ಟಿದ್ದ ಅದೇ ಮಾರ್ಶಾಕ್. ಅವನು ಜಾಕ್ಸನ್ ಪಕ್ಷದವನು. ಜಾಕ್ಸನ್ ಗೆದ್ದರು. ಷರತ್ತು ಮುರಿದರೆಂದು ಫಾಸ್ಟರ್ ಸಿಟ್ಟಾದ.

ಹತ್ತು ತಿಂಗಳು ಊರೂರು ತಿರುಗಿ ಕೂಡಿದ್ದು ಮೂರು ಸಾವಿರ ಡಾಲರ್‌ಗೆ ಸ್ವಲ್ಪ ಮೇಲೆ. ಎಲ್ಲರನ್ನೂ ಬಿಡಿಸಲು ಅದು ಸಾಲದು. 1829ರ ಫೆಬ್ರವರಿಯಲ್ಲಿ ಅಬ್ದುಲ್ ರಹ್ಮಾನ್ ಮತ್ತು ಇಸಬೆಲ್ಲಾ ನಾರ್ಫೋಕ್ ಬಂದರಿನಲ್ಲಿ ಹ್ಯಾರಿಯೆಟ್ ಎಂಬ ಹಡಗು ಹತ್ತಿದರು. ಅದೇ ಹಡಗಿನಲ್ಲಿ ಜೋಸೆಫ್ ಜೆಂಕಿನ್ಸ್ ರಾಬರ್ಟ್ಸ್ ಎಂಬ ಹತ್ತೊಂಬತ್ತರ ಯುವಕನೂ ಇದ್ದ. ಮುಂದೆ ಅವನೇ ಲೈಬೀರಿಯಾದ ಮೊದಲ ಅಧ್ಯಕ್ಷನಾದ. ಮಾರ್ಚ್‌ನಲ್ಲಿ ಮನ್ರೋವಿಯಾ ತಲುಪಿದರು. ಆಫ್ರಿಕಾದ ನೆಲ ಮೆಟ್ಟಿದ ಮೇಲೆ ಅಬ್ದುಲ್ ರಹ್ಮಾನ್ ಯಾರ ಅಂಜಿಕೆಯೂ ಇಲ್ಲದೆ ನಮಾಝ್ ಮಾಡತೊಡಗಿದರು. ಕ್ರೈಸ್ತ ಪ್ರಚಾರಕನಾಗುತ್ತಾನೆಂದು ನಂಬಿ ಹಣ ಕೊಟ್ಟಿದ್ದ ಸೊಸೈಟಿಯ ಕೆಲವರಿಗೆ ಇದು ಇರುಸುಮುರುಸು ತಂದಿತು. ಮಳೆಗಾಲ ಮುಗಿದ ಮೇಲೆ ತಿಂಬೋಕ್ಕೆ ಹೋಗುವ ಯೋಚನೆ ಇತ್ತು. ಮಳೆಗಾಲದಲ್ಲೇ ಜ್ವರ ಬಂತು. 1829ರ ಜುಲೈ 6ರಂದು ತೀರಿಕೊಂಡರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಅದೇ ವರ್ಷ ಥಾಮಸ್ ಫಾಸ್ಟರ್‌ನೂ ಸತ್ತ. ಅವನ ಗುಲಾಮರನ್ನು ವಾರಸುದಾರರು ಹಂಚಿಕೊಂಡರು. ಅಬ್ದುಲ್ ರಹ್ಮಾನ್ ಕೂಡಿಸಿದ್ದ ಹಣದಿಂದ ಎಂಟು ಮಂದಿ ಬಿಡುಗಡೆಯಾದರು: ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಐದು ಮೊಮ್ಮಕ್ಕಳು. ಅವರು 1830ರಲ್ಲಿ ಮನ್ರೋವಿಯಾ ಮುಟ್ಟಿ ಇಸಬೆಲ್ಲಾರನ್ನು ಕೂಡಿಕೊಂಡರು. ಉಳಿದ ಮಕ್ಕಳು ಮೊಮ್ಮಕ್ಕಳು ಫಾಸ್ಟರ್ ಮನೆತನದ ಬೇರೆ ಬೇರೆ ಹೊಲಗಳಿಗೆ ಹಂಚಿಹೋದರು.

ಅದೇ 1830ರಲ್ಲಿ ಜಾಕ್ಸನ್ ಸರ್ಕಾರ ಮಿಸಿಸಿಪ್ಪಿಯ ಚಾಕ್ಟಾ ಬುಡಕಟ್ಟಿನಿಂದ ಅವರ ಭೂಮಿ ಬರೆಸಿಕೊಂಡು ಅವರನ್ನು ಪಶ್ಚಿಮಕ್ಕೆ ಅಟ್ಟಿತು. ತೆರವಾದ ನೆಲಕ್ಕೂ ಹತ್ತಿ ಬಂತು, ಹತ್ತಿಯ ಹಿಂದೆ ಗುಲಾಮರು ಬಂದರು. 1860ರಲ್ಲಿ ಮಿಸಿಸಿಪ್ಪಿಯ ಜನಸಂಖ್ಯೆ 7,91,305. ಅದರಲ್ಲಿ 4,36,631 ಮಂದಿ ಗುಲಾಮರು. ನಕಾಶೆಯ ಮೇಲಿನ ಗೆರೆ 1854ರಲ್ಲೇ ಅಳಿಸಿಹೋಗಿತ್ತು. 1861ರ ಜನವರಿಯಲ್ಲಿ, ಲಿಂಕನ್ ಅಧಿಕಾರಕ್ಕೆ ಬರುವ ಮೊದಲೇ, ಮಿಸಿಸಿಪ್ಪಿ ದೇಶದಿಂದ ಬೇರೆಯಾಯಿತೆಂದು ಘೋಷಿಸಿಕೊಂಡಿತು. ಹಾಗೆ ಹೊರಟ ರಾಜ್ಯಗಳಲ್ಲಿ ಅದು ಎರಡನೆಯದು. ಅಂತರ್ಯುದ್ಧ ಶುರುವಾಯಿತು. 1863ರ ಜುಲೈಯಲ್ಲಿ ಉತ್ತರದ ಸೈನ್ಯ ನ್ಯಾಚೆಝ್ ಊರನ್ನು ಹಿಡಿಯಿತು. ಸುತ್ತಲಿನ ಹೊಲಗಳಿಂದ ಸಾವಿರಾರು ಗುಲಾಮರು ಕೆಲಸ ಬಿಟ್ಟು ಊರಿಗೆ ನಡೆದು ಬಂದರು. ಗಂಡಸರಲ್ಲಿ ಬಹಳ ಮಂದಿ ಸೈನ್ಯ ಸೇರಿದರು. ಕವಲುದಾರಿಯ ಗುಲಾಮರ ಸಂತೆಯ ಕೊಟ್ಟಿಗೆಗಳನ್ನು ಕರಿಯ ಸೈನಿಕರೇ ಕೆಡವಿ, ಆ ಮರದಿಂದ ತಮಗೆ ಇರಲು ಬಿಡಾರ ಕಟ್ಟಿಕೊಂಡರು. ಅಬ್ದುಲ್ ರಹ್ಮಾನ್ ತೀರಿಕೊಂಡು ಆಗ ಮೂವತ್ತನಾಲ್ಕು ವರ್ಷವಾಗಿತ್ತು.